ಹಿಂದಿನ ದಿನವೇ ಮಾಡಿಟ್ಟ ಪಾಠ

ನಿನ್ನೆ ಕಾಲೇಜಿನ ಹಳೆಯ ಬೀರು ಖಾಲಿ ಮಾಡುವಾಗ ನುಸಿಗುಳಿಗೆಯ ವಾಸನೆಯ ಜೊತೆಗೆ ಹಳೆಯ ವಿದ್ಯಾರ್ಥಿನಿ ಸವಿತಾಳ ಪಾಠಯೋಜನೆಯ ಪುಸ್ತಕ ಕೈಗೆ ಬಂತು. ಕೊನೆಯ ಪುಟದಲ್ಲಿ ಕೆಂಪು ಶಾಯಿಯ ನನ್ನದೇ ಅಕ್ಷರ: ‘ಅತ್ಯುತ್ತಮ’. ಓದಿ ನಾಚಿಕೆಯಾಯಿತು.

ಸಾಗರದ ಬಿ.ಎಡ್. ಕಾಲೇಜೊಂದರಲ್ಲಿ, ಗಣಿತ ಕಲಿಸುವುದು ಹೇಗೆಂದು ಕಲಿಸುವವನು ನಾನು. ಇದೂ ಒಂದು ಕೆಲಸವೇ ಎಂದು ನೀವು ನಗಬಹುದು. ನನ್ನ ಹೆಂಡತಿ ಈಗಲೂ ನಗುತ್ತಾಳೆ. ನಮ್ಮ ವಿದ್ಯಾರ್ಥಿಗಳು ಊರಿನ ಹೈಸ್ಕೂಲುಗಳಿಗೆ ಹೋಗಿ ಪಾಠ ಮಾಡುತ್ತಾರೆ, ನಾವು ಹಿಂದಿನ ಬೆಂಚಿನಲ್ಲಿ ಕುಳಿತು ಅಂಕ ಹಾಕುತ್ತೇವೆ. ಇದರಲ್ಲೊಂದು ಗುಟ್ಟಿದೆ. ನಾವು ಬರುವ ಹಿಂದಿನ ದಿನವೇ ಅದೇ ಪಾಠವನ್ನು ಅದೇ ಮಕ್ಕಳಿಗೆ ಒಮ್ಮೆ ಮಾಡಿಟ್ಟಿರುತ್ತಾರೆ. ಮರುದಿನ ಪ್ರಶ್ನೆ ಮುಗಿಯುವ ಮೊದಲೇ ಕೈಗಳು ಮೇಲೇಳುತ್ತವೆ. ಉತ್ತರ ಬಾರದವರನ್ನು ಯಾರೂ ಕೇಳುವುದಿಲ್ಲ. ನಾವೂ ಏನೂ ಅರಿಯದವರಂತೆ ತಲೆಯಾಡಿಸುತ್ತೇವೆ.

ಹೊಸನಗರದ ಕಡೆಯ ಸವಿತಾ ಮಾತ್ರ ಮೊದಲು ಒಪ್ಪಲಿಲ್ಲ.

“ಸರ್, ಇದು ಮೋಸ ಅಲ್ವಾ?”

“ನಾಟಕಕ್ಕೂ ತಾಲೀಮು ಬೇಡ್ವೇನಮ್ಮ?” ಎಂದು ನಕ್ಕೆ. ಮಾತಿಗೆ ನನ್ನಲ್ಲಿ ಎಂದೂ ಬರವಿಲ್ಲ. ಅವಳೂ ಎಲ್ಲರಂತೆ ಮಾಡಿದಳು.

ಅವಳಿಗೆ ಕೆಲಸ ಸಿಕ್ಕಿದ್ದು ಬೆಂಗಳೂರಿನ ಒಂದು ಮಾರುಕಟ್ಟೆಯ ಹಿಂದಿನ ಶಾಲೆಯಲ್ಲಿ. ಒಂದೇ ಕೋಣೆಯಲ್ಲಿ ಎಪ್ಪತ್ತು ಮಕ್ಕಳು; ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಭಾಷೆ. ತಿಂಗಳೊಳಗೆ ಫೋನ್ ಬಂತು.

“ಎಂಟನೇ ಕ್ಲಾಸ್ ಮಕ್ಳು ಸರ್, ಕಳೆಯೋ ಲೆಕ್ಕಾನೇ ಬರಲ್ಲ. ಒಬ್ರೂ ಕೈ ಎತ್ತಲ್ಲ. ಕೈ ಎತ್ತೋ ಮಕ್ಳಿಗೆ ಪಾಠ ಮಾಡೋದಷ್ಟೇ ನಂಗೆ ಗೊತ್ತಿರೋದು.”

“ಅಭ್ಯಾಸ ಆಗುತ್ತೆ, ಧೈರ್ಯವಾಗಿರು” ಎಂದೆ. ಬಡಿಸಿದ ಊಟ ಆರುತ್ತಿತ್ತು, ಫೋನ್ ಇಟ್ಟೆ.

ವರ್ಷ ತುಂಬುವ ಮೊದಲೇ ಅವಳು ಕೆಲಸ ಬಿಟ್ಟಳು. ಈಗ ತೀರ್ಥಹಳ್ಳಿಯ ಝೆರಾಕ್ಸ್ ಅಂಗಡಿಯೊಂದರಲ್ಲಿದ್ದಾಳೆ. ಹೋದ ವರ್ಷ ಅಲ್ಲಿಗೆ ಹೋದಾಗ ಸ್ಟೂಲ್ ಎಳೆದು ಕೂರಿಸಿ, “ಆ ಮಕ್ಳದ್ದೇನೂ ತಪ್ಪಿಲ್ಲ ಸರ್” ಎಂದಳು. ಯಾರದೆಂದು ಹೇಳಲಿಲ್ಲ. ಹೇಳಿ ಬೈದಿದ್ದರೆ ನನ್ನ ಎದೆ ಇಷ್ಟು ಭಾರವಾಗುತ್ತಿರಲಿಲ್ಲ.

ಇಂದು ಬೆಳಿಗ್ಗೆ ಹೊಸ ವಿದ್ಯಾರ್ಥಿನಿಯೊಬ್ಬಳ ಪಾಠ ನೋಡಲು ಹೋಗಿದ್ದೆ. ಭಿನ್ನರಾಶಿ. ಎಂದಿನಂತೆ ಕೈಗಳೆಲ್ಲ ಮೇಲೆ. ನಾನು ಎದ್ದು ನಿಂತು, ತಲೆ ತಗ್ಗಿಸಿ ಕುಳಿತಿದ್ದ ಮಗುವೊಂದನ್ನು ತೋರಿಸಿ, “ಅವಳನ್ನು ಕೇಳಮ್ಮ” ಎಂದೆ.

ಅರ್ಧಕ್ಕೆ ಅರ್ಧ ಕೂಡಿಸಿದರೆ ಎಷ್ಟು? ಮಗು ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ, “ನಾಲ್ಕರಲ್ಲಿ ಎರಡು” ಎಂದಿತು. ಮಕ್ಕಳು ಗೊಳ್ಳೆಂದರು. ಪಾಠ ಮಾಡುತ್ತಿದ್ದ ಹುಡುಗಿ ಕಂಗಾಲಾಗಿ ನನ್ನತ್ತ ತಿರುಗಿದಳು.

“ಈಗ ಇವ್ಳಿಗೆ ಏನ್ ಹೇಳ್ಲಿ ಸರ್?”

ಇಡೀ ತರಗತಿ ಹಿಂತಿರುಗಿ ನನ್ನನ್ನೇ ನೋಡಿತು. ಇಷ್ಟು ವರ್ಷ ಮೇಷ್ಟ್ರುಗಳನ್ನು ತಯಾರು ಮಾಡಿದ ನನಗೆ ಅದು ಗೊತ್ತಿರಲಿಲ್ಲ.