ಕಾಲು ತಾಕಿದರೆ

ನನ್ನ ಮಗಳು ಆಡುವ ಫುಟ್‌ಬಾಲ್ ಕ್ಲಬ್ಬು ನಾವು ಬಂದು ನೆಲೆಸಿದ ಈ ದ್ವೀಪದ ಹೆಂಗಸರ ಲೀಗಿನಲ್ಲಿ ಎಲ್ಲಕ್ಕಿಂತ ಕೆಳಗಿನ ಡಿವಿಷನ್ನಿನದು. ಹೋದ ಸೀಸನ್ನಿನಲ್ಲಿ ಆ ಡಿವಿಷನ್ನಿನಲ್ಲೂ ಕೊನೆಗೆ ಬಂತು. ಅದಕ್ಕಿಂತ ಕೆಳಗೆ ಬೀಳಲು ಜಾಗವಿರಲಿಲ್ಲ, ಹಾಗಾಗಿ ಬೀಳಲಿಲ್ಲ. ಪ್ರೇಕ್ಷಕರು ಎಂದರೆ ನಾನು, ಒಬ್ಬಿಬ್ಬರು ಅಪ್ಪಂದಿರು, ಮಿಕ್ಕಂತೆ ಸೊಳ್ಳೆಗಳು.

ಕೊನೆಯ ಪಂದ್ಯ ಸೋತದ್ದು ನನ್ನ ಮಗಳಿಂದ. ಅವಳು ಡಿಫೆಂಡರ್. ಗೋಲಿನ ಮುಂದೆ ಎದುರು ತಂಡದ ಹುಡುಗಿಯ ಕಾಲಿನಿಂದ ಚೆಂಡು ಕಿತ್ತಳು, ಚೆನ್ನಾಗಿಯೇ ಕಿತ್ತಳು. ಕೀಳುವಾಗ ಬೂಟು ಆ ಹುಡುಗಿಯ ಮೊಣಕಾಲಿಗೆ ತಾಕಿತು. ತಾಕಿದ್ದೇ ತಡ, ನನ್ನ ಮಗಳು ಚೆಂಡು ಬಿಟ್ಟು, ಬಗ್ಗಿ, ಆ ಹುಡುಗಿಯನ್ನು ಮುಟ್ಟಿ ಬೆರಳನ್ನು ಕಣ್ಣಿಗೊತ್ತಿಕೊಂಡಳು. ಅಷ್ಟರಲ್ಲಿ ಆ ಹುಡುಗಿ ಚೆಂಡನ್ನು ಗೋಲಿಗೆ ಹೊಡೆದು ಎರಡೂ ಕೈ ಎತ್ತಿ ಕುಣಿಯುತ್ತಿದ್ದಳು.

ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನುಷ್ಯರಿಗಾಗಲಿ ಪುಸ್ತಕಕ್ಕಾಗಲಿ ಕಾಲು ತಾಕಿದರೆ ಮುಟ್ಟಿ ಕಣ್ಣಿಗೊತ್ತಿಕೋ. ಮೈಸೂರಿನಲ್ಲಿ ನನ್ನಮ್ಮ ಬೆನ್ನಿಗೆ ಗುದ್ದಿ ನನಗೆ ಕಲಿಸಿದಳು. ಇಲ್ಲಿ ಕ್ಲೆಮೆಂಟಿಯಲ್ಲಿ ನಾನು ತೊಡೆ ಚಿವುಟಿ ಇವಳಿಗೆ ಕಲಿಸಿದೆ. ಚಿಕ್ಕವಳಿದ್ದಾಗ ಎಂಆರ್‌ಟಿ ರೈಲಿನಲ್ಲಿ ಯಾವುದೋ ಅಜ್ಜನ ಕಾಲು ತುಳಿದು, ಅವನ ಮಂಡಿ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಅಜ್ಜ ಗಾಬರಿಯಾಗಿ ಪರ್ಸು ತಡವಿ ನೋಡಿಕೊಂಡ. ನನಗೆ ಮಾತ್ರ ಹೆಮ್ಮೆಯಾಗಿತ್ತು.

ಕೋಚ್ ಹಳೆಯ ಆಟಗಾರ್ತಿ, ಮೂಗು ಮುರಿದು ಸೊಟ್ಟಗೆ ಕೂಡಿಕೊಂಡಿದ್ದ ಹೆಂಗಸು. ಪಂದ್ಯ ಮುಗಿದ ಮೇಲೆ ಎಲ್ಲರ ಮುಂದೆ ನನ್ನ ಮಗಳಿಗೆ ಉಗಿದಳು. "ಇದು ಫುಟ್‌ಬಾಲಾ, ಪೂಜೆಯಾ? ಆಫ್ ಸೀಸನ್ ಮುಗಿಯೋವಾಗ ಒಂದು ಫ್ರೆಂಡ್ಲಿ ಮ್ಯಾಚ್ ಇದೆ. ಅಲ್ಲಿ ಇನ್ನೊಂದು ಸಲ ಇದನ್ನ ನೋಡಿದ್ರೆ ಟೀಮಲ್ಲಿ ನಿನ್ನ ಹೆಸರಿಲ್ಲ. ಫಿನಿಶ್ ಲಾ."

ಮಗಳು ಮನೆಗೆ ಬಂದು ಶವರ್ ತಿರುಗಿಸಿ ಅತ್ತಳು, ನೀರಿನ ಸದ್ದಿನಲ್ಲಿ ನಮಗೆ ಕೇಳಿಸುವುದಿಲ್ಲ ಎಂದುಕೊಂಡು. ಪರೀಕ್ಷೆಯಲ್ಲಿ ನಪಾಸಾದಾಗಲೂ ಅಳದ ಹುಡುಗಿ ಅವಳು. ಆ ದರಿದ್ರ ಕ್ಲಬ್ಬು ಬಿಟ್ಟರೆ ಅವಳಿಗೆ ಬೇರೆ ಲೋಕವೇ ಇರಲಿಲ್ಲ.

ಒನ್-ನಾರ್ತ್‌ನ ಆಫೀಸಿನಲ್ಲಿ ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಬರುವ ನನ್ನ ಗಂಡ ತಟ್ಟೆಯಿಂದ ತಲೆ ಎತ್ತದೆ ಹೇಳಿದರು. "ಹೋಗ್ಲಿ ಬಿಡೇ. ಬ್ಯಾಡ್ಮಿಂಟನ್‌ಗೆ ಶಿಫ್ಟ್ ಆಗ್ಲಿ. ಮಧ್ಯ ನೆಟ್ ಇರುತ್ತೆ, ಯಾರಿಗೂ ಕಾಲು ತಾಕಲ್ಲ."

"ನೀವು ಸುಮ್ನೆ ಸಾರು ಬಡಿಸ್ಕೊಳ್ಳಿ" ಎಂದೆ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಇದು ಹುಟ್ಟುಗುಣವಲ್ಲವಲ್ಲ, ನಾನು ಕಲಿಸಿದ್ದು. ಕಲಿಸಿದವಳಿಗೆ ಬಿಡಿಸಲು ಬಾರದೇ?

ಊರಲ್ಲಾದರೆ ಬೇಸಿಗೆ ರಜ ಅನ್ನಬಹುದು. ಇಲ್ಲಿ ವರ್ಷವೆಲ್ಲ ಅದೇ ಬೆವರು. ಜೂನ್ ಬಂತೆಂದರೆ ಹುಲ್ಲು ಚಿಗುರಲೆಂದು ಮೈದಾನಕ್ಕೆ ಬೀಗ ಹಾಕುತ್ತಾರೆ, ನಮ್ಮ ತಂಡ ವಸತಿ ಬ್ಲಾಕುಗಳ ನಡುವಿನ ಸ್ಟ್ರೀಟ್ ಸಾಕರ್ ಕೋರ್ಟಿಗೆ ಇಳಿಯುತ್ತದೆ. ಗಟ್ಟಿ ನೆಲ, ಸುತ್ತ ಕಬ್ಬಿಣದ ಬೇಲಿ. ರಾಫೆಲ್ಸ್ ಪ್ಲೇಸ್‌ನ ಬ್ಯಾಂಕಿನಿಂದ ನಾನು ಆಫೀಸಿನ ಬಟ್ಟೆಯಲ್ಲೇ ನೇರ ಅಲ್ಲಿಗೆ ಹೋಗಿ ಬೇಲಿ ಹಿಡಿದು ನಿಲ್ಲುತ್ತಿದ್ದೆ.

ಅಬ್ಬಾ, ಏನು ಹೊಡೆದಾಟ ಅದು! ಕೋಚ್ ಇಬ್ಬಿಬ್ಬರನ್ನು ಒಂದು ಚೆಂಡಿನ ಜೊತೆ ಮೂಲೆಗೆ ಬಿಡುತ್ತಿದ್ದಳು, ಒಬ್ಬಳು ನೆಲ ಕಚ್ಚುವವರೆಗೆ ನಿಲ್ಲಿಸುವಂತಿಲ್ಲ. ಭುಜಕ್ಕೆ ಭುಜ ಅಪ್ಪಳಿಸಿ ಬೇಲಿ ಝಣ್ಣೆನ್ನುತ್ತಿತ್ತು. ಗೋಲ್‌ಕೀಪರ್ ಹುಡುಗಿ ಮೂಗಿನಿಂದ ರಕ್ತ ಇಳಿದರೆ ಅಂಗಿಯಲ್ಲೇ ಒರೆಸಿ ಮತ್ತೆ ನಿಲ್ಲುತ್ತಿದ್ದಳು. ಒಂದು ಸಂಜೆ ನನ್ನ ಮಗಳ ಹಲ್ಲು ಅವಳದೇ ತುಟಿಯನ್ನು ಸೀಳಿತು. ಉಪ್ಪುನೀರು ಮುಕ್ಕಳಿಸಿ, ಕೆಂಪಗೆ ಉಗಿದು, ಮತ್ತೆ ಹೋಗಿ ಬೇರೊಬ್ಬಳ ಕಾಲಿಗೆ ಬೂಟು ತಾಕಿಸಿದಳು. ಕೈ ತಾನಾಗಿ ಕಣ್ಣಿಗೆ ಹೋಯಿತು. ಸುತ್ತಲಿದ್ದವರೆಲ್ಲ ನಕ್ಕರು. ಆಮೇಲೆ ಅದೇ ಅವರಿಗೆ ಆಟವಾಯಿತು. ಅವಳಿಗೆ ಮೊಣಕೈ ಹಾಕುವುದು, ಹಾಕಿ ಕಣ್ಣಿಗೊತ್ತಿಕೊಂಡು ಕಿಸಿಯುವುದು.

ನನ್ನ ಪಿತ್ತ ನೆತ್ತಿಗೇರಿತು. "ಒದಿಯೇ! ನಿನ್ನ ಕೈ ಮುರಿದು ಹಾಕ್ತೀನಿ, ಒದ್ದು ಮುಂದಕ್ಕೆ ಹೋಗೇ!" ಎಂದು ಬೇಲಿಯಾಚೆಯಿಂದ ಕಿರುಚಿದೆ. ಆ ಕನ್ನಡ ಅಲ್ಲಿ ಬೇರೆ ಯಾರಿಗೂ ತಿಳಿಯಲಿಲ್ಲ, ಆದರೆ ಕೋಚ್ ಮೊದಲ ಸಲ ನನ್ನತ್ತ ನೋಡಿ ತಲೆಯಾಡಿಸಿದಳು.

ಮರುದಿನದಿಂದ ನಾನೇ ಪಾಠ ಶುರುಮಾಡಿದೆ. ನಮ್ಮ ಬ್ಲಾಕಿನ ಕೆಳಗೆ ವಾಯ್ಡ್ ಡೆಕ್ ಅನ್ನುವ ಖಾಲಿ ಜಾಗದಲ್ಲಿ ಚೆಂಡಾಟ ನಿಷೇಧ. ಚೆಂಡು ಯಾರಿಗೆ ಬೇಕಿತ್ತು? ಸಲ್ವಾರ್ ಮೇಲೆತ್ತಿ ಮೊಣಕಾಲಿನ ಕೆಳಗೆ ಟವೆಲ್ ಸುತ್ತಿಕೊಂಡು ನಿಂತೆ.

"ಒದಿ."

"ಅಮ್ಮಾ, ಹುಚ್ಚಾ ನಿಂಗೆ? ಐ ಕಾಂಟ್ ಲಾ."

"ಅಮ್ಮನ್ನ ಒದ್ದು ಸುಮ್ನೆ ನಿಂತ್ಕೊಳ್ಳೋಕೆ ಬಂದ್ರೆ ಯಾರನ್ನ ಬೇಕಾದ್ರೂ ಒದೀಬಹುದು. ಒದೀ ಅಂದೆ."

ಮೊದಲು ಬೂಟಿನ ತುದಿಯಿಂದ ಸವರಿದಳು. ಹೇಡಿ ಎಂದೆ, ಬೊಂಬೆ ಎಂದೆ, ಅಪ್ಪನ ಮಗಳು ಎಂದೆ. ಆ ಕೊನೆಯದು ನಾಟಿತು. ಒದ್ದಳು. ಕಣ್ಣಿಗೆ ಕತ್ತಲೆ ಬಂತು. ಅವಳ ಕೈ ನನ್ನ ಕಾಲಿನತ್ತ ಇಳಿಯಿತು, ನಾನು ಆ ಕೈಗೆ ಚಟೀರೆಂದು ಬಾರಿಸಿದೆ. ಮತ್ತೆ ಒದೆ, ಮತ್ತೆ ಏಟು. ಟವೆಲ್ಲು ಜಾರಿತು, ಚರ್ಮ ಕಿತ್ತುಬಂತು. ನಿಲ್ಲಿಸಲಿಲ್ಲ. ನೋವಿನ ನಡುವೆಯೂ ಒಳಗೊಳಗೇ ನನಗೆ ಖುಷಿಯಾಗುತ್ತಿತ್ತು. ಸುಳ್ಳೇಕೆ ಹೇಳಲಿ?

ಹೀಗೆ ವಾರಗಳು ನಡೆದವು. ಒಂದು ಸಂಜೆ ಎರಡನೇ ಮಹಡಿಯ ಆಂಟಿ, ಮಗಳು ತಾಯಿಗೆ ಒದೆಯುತ್ತಿದ್ದಾಳೆ ಎಂದು ಪೊಲೀಸರಿಗೆ ಫೋನ್ ಮಾಡಿದಳು. ಇಬ್ಬರು ಬಂದರು. ಚಿಕ್ಕ ವಯಸ್ಸಿನ ಆಫೀಸರ್ ನನ್ನ ರಕ್ತ ಬಂದ ಕಾಲನ್ನೂ ಮಗಳ ಊದಿದ ಕೈಯನ್ನೂ ನೋಡಿ, "ಮೇಡಮ್, ಯಾರು ಯಾರನ್ನು ಹೊಡೀತಿದ್ದಾರೆ?" ಎಂದು ಕೇಳಿದ.

"ಟ್ರೇನಿಂಗ್" ಎಂದೆ.

ಗಂಡ ಮೇಲಿನಿಂದ ಬನಿಯನ್ನಿನಲ್ಲೇ ಓಡಿಬಂದು ಇಂಗ್ಲಿಷಿನಲ್ಲಿ ಕ್ಷಮೆ ಕೇಳಿದರು. ಮನೆಯೊಳಗೆ ಬಂದ ಮೇಲೆ, "ಅವಳಿಗೆ ಒದಿಯೋದು ಕಲಿಸ್ತಿದೀಯೋ, ಇಲ್ಲ ನಿನಗೇ ಹೊಡೆದಾಟದ ಚಟ ಹತ್ತಿದೆಯೋ?" ಎಂದರು. ನಾನು ಕುಕ್ಕರಿನ ಮುಚ್ಚಳ ಕುಕ್ಕಿದೆ.

ಫ್ರೆಂಡ್ಲಿ ಪಂದ್ಯದ ದಿನ ಮೈದಾನದ ಬೀಗ ತೆಗೆದಿದ್ದರು. ಎದುರು ತಂಡದ ಸ್ಟ್ರೈಕರ್ ಎತ್ತರದ ಗಟ್ಟಿಮುಟ್ಟು ಚೀನೀ ಹುಡುಗಿ. ಅವಳ ಅಮ್ಮ ಮಡಚುವ ಕುರ್ಚಿ ತಂದು ನನ್ನ ಪಕ್ಕದಲ್ಲೇ ಕೂತಳು. ಡಬ್ಬಿಯಿಂದ ಸೀಬೆಹಣ್ಣಿನ ಹೋಳು ಕೊಟ್ಟಳು, ಸೊಳ್ಳೆಯ ಸ್ಪ್ರೇ ಕೊಟ್ಟಳು. "ನನ್ನವಳು ತುಂಬಾ ರಫ್. ನಿನ್ನ ಮಗಳಿಗೆ ಏನಾದ್ರೂ ಆದ್ರೆ ಮೊದಲೇ ಸಾರಿ ಹಾ" ಎಂದು ನಕ್ಕಳು. ನಾನೂ ನಕ್ಕು ಹಣ್ಣು ತಿಂದೆ.

ಅವಳು ಸುಳ್ಳು ಹೇಳಿರಲಿಲ್ಲ. ಆಟ ಶುರುವಾದ ಸ್ವಲ್ಪ ಹೊತ್ತಿಗೇ ಆ ಹುಡುಗಿ ನನ್ನ ಮಗಳ ಪಕ್ಕೆಗೆ ಮೊಣಕೈ ತಿವಿದು ಕೆಡವಿದಳು. ಇನ್ನೊಮ್ಮೆ ಬೆರಳು ತುಳಿದಳು. ನನ್ನ ಮಗಳು ಎದ್ದಳು. ಒದ್ದಳು. ಕೈ ಸೊಂಟದ ಹತ್ತಿರವೇ ನಿಂತಿತು! ಇನ್ನೊಮ್ಮೆ ಒದ್ದಳು, ಕೈ ಏಳಲೇ ಇಲ್ಲ. ಕೋಚ್ ಗೆರೆಯ ಪಕ್ಕ ಕೈಕಟ್ಟಿ ನೋಡುತ್ತಿದ್ದಳು.

ಎರಡನೇ ಅರ್ಧದಲ್ಲಿ ಆ ಸ್ಟ್ರೈಕರ್ ಒಬ್ಬಳೇ ಚೆಂಡಿನೊಂದಿಗೆ ಗೋಲಿನತ್ತ ನುಗ್ಗಿದಳು. ನನ್ನ ಮಗಳು ಅಡ್ಡಲಾಗಿ ಓಡಿದಳು. ನಾನು ಗೆರೆಯವರೆಗೆ ಹೋಗಿ ಗಂಟಲು ಹರಿಯುವಂತೆ ಕೂಗಿದೆ, "ಒದೀ!" ಅವಳು ಜಾರಿ ಬಂದು ಒದ್ದಳು. ಮೊದಲು ಚೆಂಡು ಹಾರಿತು, ಹಿಂದೆಯೇ ಲಟ್ ಎಂದಿತು. ಒಣ ಕೊಂಬೆ ಮುರಿದ ಸದ್ದು. ಮೈದಾನದ ಆ ತುದಿಗೂ ಕೇಳಿಸಿತು.

ನಾನು ಚಪ್ಪಾಳೆ ತಟ್ಟಿದೆ. "ಭೇಷ್! ಭೇಷ್ ನನ್ನ ಬಂಗಾರಾ! ಹಾಗೆ ಒದೀ!" ಎಂದು ಕುಣಿದೆ. ನನ್ನೊಬ್ಬಳದೇ ದನಿ ಎಂದು ತಿಳಿಯುವಷ್ಟರಲ್ಲಿ ಇನ್ನೆರಡು ಸಲ ಕೂಗಿಯಾಗಿತ್ತು.

ಆ ಹುಡುಗಿಯ ಕಾಲು ಮೊಣಕಾಲಿನ ಕೆಳಗೆ ಬಾಗಬಾರದ ಕಡೆಗೆ ಬಾಗಿತ್ತು. ಅವಳು ಕಿರುಚಿದ ಕೂಗು ಇವತ್ತಿಗೂ ಆಫೀಸಿನ ಪ್ಯಾಂಟ್ರಿಯಲ್ಲಿ ಕಾಫಿ ಬೆರೆಸುವಾಗ ಇದ್ದಕ್ಕಿದ್ದಂತೆ ಕಿವಿಗೆ ಬರುತ್ತದೆ. ಪಕ್ಕದ ಕುರ್ಚಿ ಉರುಳಿ ಬಿದ್ದಿತು, ಹಣ್ಣಿನ ಡಬ್ಬಿ ಚೆಲ್ಲಿತು, ಅವಳ ಅಮ್ಮ ಚಪ್ಪಲಿ ಬಿಟ್ಟು ಓಡಿದಳು. ನನ್ನ ಮಗಳು ಎರಡೂ ಕೈಗಳನ್ನು ಕಂಕುಳಲ್ಲಿ ಅದುಮಿಕೊಂಡು ನಿಂತಿದ್ದಳು. ಆ ಕೈ ಹೊರಗೆ ಬರದಂತೆ ಅವಳು ಹಿಡಿದುಕೊಂಡದ್ದು ನನಗೆ ಕಾಣಿಸಿತು. ಫೌಲ್ ಅಲ್ಲ ಎಂದು ರೆಫರಿ ಕೈಯಾಡಿಸಿದ. ಕೋಚ್ ಹೋಗಿ ನನ್ನ ಮಗಳ ಬೆನ್ನು ತಟ್ಟಿದಳು. "ಗುಡ್. ಯು ಆರ್ ಇನ್" ಎಂದಳಂತೆ.

ಆಂಬುಲೆನ್ಸ್ ಹೋದ ಮೇಲೆ ಮಗಳು ಬೂಟು ಕಳಚಿ ನನ್ನ ಕೈಗೆ ಕೊಟ್ಟು, ಚಪ್ಪಲಿ ಮೆಟ್ಟಿ ಟ್ಯಾಕ್ಸಿ ಹತ್ತಿ ಆಸ್ಪತ್ರೆಗೆ ಹೋದಳು. ನಾನೂ ಬರುತ್ತೇನೆ ಎನ್ನುವಷ್ಟರಲ್ಲಿ ಟ್ಯಾಕ್ಸಿಯ ಬಾಗಿಲು ಎಳೆದುಕೊಂಡಿದ್ದಳು. ಅವಳು ಹಿಂತಿರುಗಿ ಬಂದಾಗ ನಾನೂ ಗಂಡನೂ ಊಟಕ್ಕೆ ಕಾಯುತ್ತಿದ್ದೆವು. ಆ ಹುಡುಗಿಯ ಮೂಳೆ ಕೂಡಿಸಲು ರಾಡ್ ಹಾಕಬೇಕಂತೆ, ವರ್ಷವಿಡೀ ಆಡುವಂತಿಲ್ಲವಂತೆ.

"ನಿನ್ನ ತಪ್ಪಿಲ್ಲ ಕಣೇ. ಚೆಂಡಿಗೇ ಒದ್ದೆ ನೀನು" ಎಂದೆ.

"ನಂಗೊತ್ತು. ಅವಳೂ ಅದೇ ಅಂದ್ಳು. ಅವಳು ಓಕೆ, ಅಮ್ಮ." ತಟ್ಟೆಯಲ್ಲಿದ್ದ ಅನ್ನವನ್ನು ಪಕ್ಕಕ್ಕೆ ಸರಿಸಿದಳು. "ಅವರಮ್ಮ ಕೇಳಿದ್ರು. ಆ ಲೇಡಿ ಯಾಕೆ ಕ್ಲ್ಯಾಪ್ ಮಾಡಿದ್ರು ಅಂತ. ಏನು ಹೇಳ್ಬೇಕಿತ್ತು ನಾನು?"

ನಾನು ಸೌಟು ಎತ್ತಿ ಅವಳ ತಟ್ಟೆಗೆ ಸಾರು ಬಡಿಸಹೋದೆ. ಅವಳು ಕೈ ಅಡ್ಡ ಹಿಡಿದಳು.

"ಕಾಲು ಮುರೀತು ಅಂತ ಗೊತ್ತಾಗೋಕ್ಕಿಂತ ಮೊದಲು ಕೂಗಿದ್ದು ಅಂದೆ. ಸುಳ್ಳು ಹೇಳ್ದೆ." ಅವಳು ಅಳುತ್ತಿರಲಿಲ್ಲ. "ನಾನು ಟೀಮ್ ಬಿಡಲ್ಲ. ಆಡ್ತೀನಿ. ಆದ್ರೆ ನೀನು ಬರ್ಬೇಡ. ಅಪ್ಪ ಬರ್ಲಿ."

"ನಾನಾ? ನಂಗೆ ಆಫ್‌ಸೈಡ್ ಅಂದ್ರೇನೂ ಗೊತ್ತಿಲ್ಲ" ಎಂದರು ಗಂಡ.

"ಪರ್ವಾಗಿಲ್ಲ ಅಪ್ಪ. ಸುಮ್ನೆ ಕೂತ್ಕೊಂಡ್ರೆ ಸಾಕು."

ಸೀಸನ್ನಿನ ಮೊದಲ ಪಂದ್ಯದ ದಿನ ಅವಳ ಬೂಟನ್ನು ನಾನೇ ಒರೆಸಿಟ್ಟೆ, ಗಂಡನ ಕೈಗೆ ಕೊಡೆಯನ್ನೂ ನೀರಿನ ಬಾಟಲಿಯನ್ನೂ ಕೊಟ್ಟೆ. ಇಬ್ಬರೂ ಏನೋ ಮಾತಾಡಿಕೊಂಡು ನಗುತ್ತಾ ಲಿಫ್ಟ್ ಹತ್ತಿದರು. ನಾನು ಒಳಗೆ ಬಂದು ಟಿವಿ ಹಾಕಿದೆ, ಆರಿಸಿದೆ. ಆ ಪಂದ್ಯ ಅವರು ಗೆದ್ದರು. ಹೇಗೆ ಗೆದ್ದರು ಎಂದು ಗಂಡನನ್ನು ಕೇಳಿದರೆ ಅವರಿಗೆ ಹೇಳಲು ಬರಲಿಲ್ಲ, ಮಗಳನ್ನು ಕೇಳುವ ಧೈರ್ಯ ನನಗೆ ಬರಲಿಲ್ಲ.