ಬೇಬಿಯಕ್ಕನಿಗೆ ಹೇಳದೆ ಇಟ್ಟುಕೊಂಡ ಸುದ್ದಿ

ಬೇಬಿಯಕ್ಕನಿಗೆ ನಾನು ಸುಳ್ಳು ಹೇಳಿದೆ. ಅವರು ಉಪವಾಸ ಕೂತಿದ್ದರು, ನಾನು ಅವರ ಪಕ್ಕದಲ್ಲಿ ಕೂತಿದ್ದೆ — ಹೊಟ್ಟೆ ತುಂಬ ತಿಂದು. ಯಾವ ಬೇಡಿಕೆಗಾಗಿ ಅವರು ಕೂತಿದ್ದರೋ ಅದು ಈಡೇರಿತ್ತು. ನನಗೆ ಗೊತ್ತಿತ್ತು, ಅವರಿಗೆ ಹೇಳಲಿಲ್ಲ. ಇನ್ನೂ ಎರಡು ದಿನ ಅವರು ಹಸಿದೇ ಇರಲಿ ಎಂದು ತೀರ್ಮಾನಿಸಿದವನು ನಾನು.

ಇದನ್ನು ಓದಿದವರು ನನ್ನನ್ನು ಪ್ರಾಮಾಣಿಕ ಎನ್ನಬಾರದು. ಹಾಗೆ ಅನ್ನಿಸಿಕೊಳ್ಳುವ ಕಲೆ ನನಗೆ ಚೆನ್ನಾಗಿ ಬರುತ್ತದೆ. ಅದರಲ್ಲೇ ಬದುಕಿದವನು ನಾನು.

ತೊಂಬತ್ತರ ದಶಕದ ಕೊನೆಯ ಮಾತು. ಬ್ರಹ್ಮಾವರದ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತಿದ್ದೆ. ಗುರಿಯಷ್ಟೇ ದಾರಿಯೂ ಶುದ್ಧವಾಗಿರಬೇಕು ಎಂದು ಹುಡುಗರಿಗೆ ಬರೆಸುತ್ತಿದ್ದೆ, ಪರೀಕ್ಷೆಯಲ್ಲಿ ಅದನ್ನೇ ಕೇಳುತ್ತಿದ್ದೆ. ಸಂಜೆ ಬಸ್ಸು ಹತ್ತಿ ಕುಂದಾಪುರಕ್ಕೆ ಹೋಗಿ ಹೋರಾಟ ಸಮಿತಿಯ ಕಾರ್ಯದರ್ಶಿಯಾಗುತ್ತಿದ್ದೆ. ಜುಬ್ಬಾ, ಹೆಗಲಿಗೊಂದು ಜೋಳಿಗೆ, ಬೋಳಿಸದ ಗಡ್ಡ — ಸಾಲಿಗ್ರಾಮದ ದೇವಸ್ಥಾನದ ಚಾಕರಿಯ ಮನೆತನದವನು ನಾನು, ಅಜ್ಜನ ಶಾಲನ್ನು ತೆಗೆದಿಟ್ಟು ಬೇರೊಂದು ಮಡಿ ಉಟ್ಟುಕೊಂಡಿದ್ದೆ, ಅಷ್ಟೇ.

ಕಿರಿಮಂಜೇಶ್ವರದ ಹತ್ತಿರ, ಹೆದ್ದಾರಿಗೂ ಕಡಲಿಗೂ ನಡುವೆ, ಮೀನಿನ ಹುಡಿ ಮತ್ತು ಎಣ್ಣೆ ಮಾಡುವ ಒಂದು ಕಾರ್ಖಾನೆ ಬಂದಿತ್ತು. ಅದರ ಕೊಳಕು ನೀರು ಪೈಪಿನಲ್ಲಿ ಬಂದು ತೋಡಿಗೆ ಬೀಳುತ್ತಿತ್ತು. ತೋಡಿನ ಎರಡೂ ಬದಿಯ ಬಾವಿಗಳು ಕೆಟ್ಟವು. ಮೊದಲು ಕೆಟ್ಟದ್ದು ಬೇಬಿಯಕ್ಕನ ಬಾವಿ. ತಲೆಯ ಮೇಲೆ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುತ್ತಿದ್ದ ಹೆಂಗಸು. ಗಂಡ ಇರಲಿಲ್ಲ, ಮಗಳು ಸುಜಾತ ಗೇರುಬೀಜದ ಕಾರ್ಖಾನೆಗೆ ಹೋಗುತ್ತಿದ್ದಳು. ನಮ್ಮ ಸಭೆಗಳಿಗೆ ತಪ್ಪದೆ ಬಂದು ಒಂದೇ ಮಾತು ಹೇಳುತ್ತಿದ್ದರು:

“ಕಾರ್ಖಾನೆ ಬೇಕಾರೆ ಇರ್ಲಿ, ನಂಗೆಂತ? ಆ ಪೈಪ್ ಒಂದ್ ಮುಚ್ಲಿ. ನಂಗೆ ಬಾಯಿ ನೀರ್ ಬೇಕ್.”

ನಾವು ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದೆವು. ರಾಜಕೀಯ ತಿಳಿವಳಿಕೆ ಸಾಲದು ಎಂದು ಆಮೇಲೆ ಚಹಾ ಕುಡಿಯುತ್ತ ಆಡಿಕೊಳ್ಳುತ್ತಿದ್ದೆವು. ಬಾವಿಯ ನೀರು ಕೇಳಿದ್ದು ನಮಗೆ ಸಣ್ಣ ವಿಷಯವಾಗಿತ್ತು. ನಮಗೆ ಬೇಕಾದದ್ದು ಚಳವಳಿ.

ಆಮರಣ ಉಪವಾಸ ಎಂದು ನಿರ್ಣಯ ಮಾಡಿದೆವು. ಕೂರುವವರು ಯಾರು ಎಂಬ ಪ್ರಶ್ನೆ ಬಂದಾಗ ಆ ಕೋಣೆಯಲ್ಲಿ ಎಷ್ಟು ರೋಗಗಳು ಹುಟ್ಟಿದವು. ಅಧ್ಯಕ್ಷರಾಗಿದ್ದ ವಕೀಲರಿಗೆ ಹೊಟ್ಟೆಹುಣ್ಣು. ಇನ್ನೊಬ್ಬರಿಗೆ ತಂಗಿಯ ಮದುವೆ. ನನಗೆ — ನನಗೆ ಪರೀಕ್ಷೆಯ ಕೆಲಸ. ಮೂಲೆಯಲ್ಲಿದ್ದ ಬೇಬಿಯಕ್ಕ, “ನಾನ್ ಕೂಕಂತೆ. ನಂಗೆ ಉಪಾಸ ಹೊಸ್ತಲ್ಲ” ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಅದು ಹುರುಪಿನ ಚಪ್ಪಾಳೆಯಲ್ಲ, ಪಾರಾದವರ ಚಪ್ಪಾಳೆ.

ಕುಂದಾಪುರದ ಸರ್ಕಾರಿ ಕಚೇರಿಯ ಎದುರು ಚಪ್ಪರ ಹಾಕಿದೆವು. ಪರೀಕ್ಷೆಯ ಕೆಲಸವಿದ್ದ ನಾನು ವಾರವಿಡೀ ರಜೆ ಹಾಕಿ ಅಲ್ಲೇ ಇದ್ದೆ. ಭಾನುವಾರ ಅವರು ಕೂತರು. ನೀರು ಬಿಟ್ಟು ಬೇರೇನೂ ಇಲ್ಲ. ಮೊದಮೊದಲು ಬಂದವರ ಜೊತೆಗೆಲ್ಲ ಮಾತಾಡುತ್ತಿದ್ದರು, ಬಂಗುಡೆಯ ಬೆಲೆ ವಿಚಾರಿಸುತ್ತಿದ್ದರು. ಬುಧವಾರದ ಹೊತ್ತಿಗೆ ಮಲಗಿಬಿಟ್ಟರು, ನೀರೂ ಸರಿಯಾಗಿ ಸೇರುತ್ತಿರಲಿಲ್ಲ. ಊಟದ ಹೊತ್ತಿಗೆ ನಾವು ಸರದಿಯ ಮೇಲೆ ಹೋಟೆಲಿಗೆ ಹೋಗಿ ಬರುತ್ತಿದ್ದೆವು. ಬಾಯಿ ವಾಸನೆ ಬಾರದಿರಲಿ ಎಂದು ನಾನು ಎಲೆಯಡಿಕೆ ಹಾಕಿಕೊಂಡು ಬಂದು ಅವರ ತಲೆಯ ಹತ್ತಿರ ಕೂರುತ್ತಿದ್ದೆ.

ಗುರುವಾರ ಬೆಳಿಗ್ಗೆ ಅಧಿಕಾರಿ ನನ್ನನ್ನು ಒಳಗೆ ಕರೆಸಿದರು. ಕಾರ್ಖಾನೆಯವರು ಒಪ್ಪಿದ್ದಾರೆ, ಇವತ್ತೇ ಪೈಪು ಮುಚ್ಚುತ್ತಾರೆ, ಇನ್ನು ಆ ಹೆಂಗಸನ್ನು ಎಬ್ಬಿಸಿ ಎಂದರು. ಅಷ್ಟೇ ಸರಳವಾಗಿ. ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ — ಕೈಯಲ್ಲಿದ್ದದ್ದನ್ನು ಯಾರೋ ಕಿತ್ತುಕೊಂಡ ಹಾಗಾಯಿತು. ಶನಿವಾರ ನಮ್ಮ ರಾಜ್ಯ ನಾಯಕರು ಬರುವವರಿದ್ದರು. ಅವರ ಹಿಂದೆ ಪತ್ರಿಕೆಯವರು. ಸ್ವಾಗತ ಭಾಷಣ ನನ್ನದು. ಕನ್ನಡಿಯ ಎದುರು ಅಭ್ಯಾಸವನ್ನೂ ಮಾಡಿದ್ದೆ.

ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡದ್ದು, ವಕೀಲರು ಬೇಡ ಎಂದರು, ನಾನು ಸುಮ್ಮನಾದೆ ಎಂದು. ಅದೂ ಸುಳ್ಳು. ಸುದ್ದಿ ಕೇಳಿ ವಕೀಲರು ಮೊದಲು ಹೇಳಿದ್ದು ಇದು: “ಈಗ್ಲೇ ಹೇಳಿ ಎಬ್ಸುವ ಮಾಷ್ಟ್ರೆ. ಹೆಂಗ್ಸಿಗ್ ಎಂತಾರೂ ಆರೆ?”

ನಾನು ಹೇಳಿದೆ: “ಈಗ ಎಬ್ಸಿರೆ ಪೇಪರಿನ ಒಳಗಿನ್ ಪುಟದಂಗೆ ಎರಡ್ ಸಾಲ್. ಶನಿವಾರ ಎಬ್ಸಿರೆ ಮುಖಪುಟ. ಎರಡೇ ದಿನ ಅಲ್ದಾ? ತಡ್ಕಂತ್ರ್. ಗಟ್ಟಿ ಜೀವ.”

ಗಟ್ಟಿ ಜೀವ. ಸಂತೆಯಲ್ಲಿ ಎತ್ತಿನ ಬೆನ್ನು ತಟ್ಟಿ ಹೇಳುವ ಮಾತು. ವಕೀಲರು, ನಿಮಗೆ ಬಿಟ್ಟದ್ದು ಎಂದರು. ಅವರ ಹೇಡಿತನ ಅವರದು. ನಾನು ಲೆಕ್ಕ ಒಪ್ಪಿಸಬೇಕಾದದ್ದು ನನ್ನದಕ್ಕೆ. ಅಧಿಕಾರಿಯ ಹತ್ತಿರ ಹೋಗಿ, ಜನ ಕೆರಳಿದ್ದಾರೆ, ನಾಯಕರ ಎದುರು ನೀವೇ ಘೋಷಿಸಿದರೆ ಎಲ್ಲ ಶಾಂತವಾಗಿ ಮುಗಿಯುತ್ತದೆ ಎಂದೆ. ಅವರಿಗೂ ಫೋಟೋ ಬೇಕಿತ್ತೋ ಏನೋ, ಒಪ್ಪಿದರು.

ಚಪ್ಪರಕ್ಕೆ ಬಂದೆ. ಬೇಬಿಯಕ್ಕ ಕಣ್ಣು ಬಿಟ್ಟರು. ತುಟಿ ಒಡೆದಿತ್ತು.

“ಆಫೀಸಿಗ್ ಹೋಯಿದ್ರಿ ಅಂಬ್ರ್. ಎಂತ ಹೇಳ್ರ್ ಮಾಷ್ಟ್ರೆ?”

“ಎಂತದೂ ಹೇಳ್ಲಿಲ್ಲೆ ಅಕ್ಕ. ಅವ್ರ್ ಜಗ್ಗುದಿಲ್ಲೆ.”

“ಹಂಗಾರೆ ನಾನೂ ಏಳುದಿಲ್ಲೆ” ಎಂದು ಕಣ್ಣು ಮುಚ್ಚಿದರು.

ಅಷ್ಟೇ. ದನಿ ನಡುಗಲಿಲ್ಲ. ನಡುಗಿತ್ತು ಎಂದು ಬರೆಯಲು ಈಗಲೂ ಕೈ ಹೋಗುತ್ತದೆ — ನಡುಗಲಿಲ್ಲ.

ಶುಕ್ರವಾರ ಸುಜಾತ ಕೆಲಸ ಬಿಟ್ಟು ಬಂದಳು. ತಾಯಿಯನ್ನು ನೋಡಿದವಳೇ ನನ್ನನ್ನು ಚಪ್ಪರದ ಹಿಂದಕ್ಕೆ ಕರೆದಳು. “ನಿನ್ನೆಯಿಂದ ಅಮ್ಮನಿಗೆ ಉಚ್ಚಿ ಆಯ್ಲಿಲ್ಲೆ. ಎಬ್ಸಿ ಮಾಷ್ಟ್ರೆ. ನೀವ್ ಹೇಳ್ರೆ ಕೇಂತ್ರ್.” ಡಾಕ್ಟರೂ ಅದನ್ನೇ ಹೇಳಿ ಹೋಗಿದ್ದರು, ಅವರಿಗೆ ನಾನು, ಇದು ಆಕೆಯ ಸ್ವಂತ ನಿರ್ಧಾರ, ನಾವು ಯಾರು ತಡೆಯಲು ಎಂದಿದ್ದೆ. ಆಕೆಯ ಸ್ವಂತ ನಿರ್ಧಾರ! ಸುಜಾತಳಿಗೆ ಹೇಳಿದೆ: “ನಿಮ್ಮ್ ಅಮ್ಮನ್ ಹೆಸ್ರ್ ಇಡೀ ತಾಲೂಕಂಗ್ ಹೇಳ್ತಿದ್ರ್. ಇನ್ನೊಂದಿನ ತಡ್ಕೊ.” ಆ ಹುಡುಗಿ ನನ್ನ ಮುಖವನ್ನೇ ನೋಡಿದಳು. ಓದಿದವರು ಹೇಳಿದ ಮೇಲೆ ಸರಿಯೇ ಇರಬೇಕು ಎಂದುಕೊಂಡು ಹೋಗಿ ತಾಯಿಯ ಕಾಲು ಒತ್ತುತ್ತ ಕೂತಳು.

ಶನಿವಾರ ನಾಯಕರು ಬಂದರು. ಮೆರವಣಿಗೆ, ಜೈಕಾರ, ಕ್ಯಾಮೆರಾ. ಅಧಿಕಾರಿ ಹಳೆಯ ಸುದ್ದಿಯನ್ನು ಹೊಸದಾಗಿ ಓದಿದರು. ನಾಯಕರು ಎಳನೀರು ಕುಡಿಸಲು ಹೋದಾಗ ಅದು ಬೇಬಿಯಕ್ಕನ ಕಟವಾಯಿಯಿಂದ ಇಳಿದು ಹೋಯಿತು, ನುಂಗುವ ಶಕ್ತಿ ಇರಲಿಲ್ಲ. ಆ ಫೋಟೋ ಚೆನ್ನಾಗಿ ಬಂತು. ಅವರನ್ನು ಆಸ್ಪತ್ರೆಗೆ ಸಾಗಿಸುವಾಗ ನಾನು ಮೈಕಿನ ಎದುರು ಇದ್ದೆ.

ಜೀವ ಉಳಿಯಿತು. ಎರಡೂ ಕಿಡ್ನಿ ಕೆಟ್ಟವು ಎಂದರು. ಒಂದಿಷ್ಟು ಸುಧಾರಿಸಿತು, ಪೂರ್ತಿ ಆಗಲಿಲ್ಲ. ಕಾಲು ಬಾತುಕೊಳ್ಳುತ್ತಿತ್ತು. ಮತ್ತೆಂದೂ ಅವರು ಬುಟ್ಟಿ ಹೊರಲಿಲ್ಲ, ಮನೆಯಲ್ಲೇ ಕೂತು ಬೀಡಿ ಕಟ್ಟಿದರು. ಪೈಪು ಮುಚ್ಚಿದ್ದು ಗುರುವಾರವೇ, ಕಾರ್ಖಾನೆಯ ಗೋಡೆಯ ಒಳಗಿನಿಂದ; ಊರವರೆಲ್ಲ ಚಪ್ಪರದಲ್ಲಿದ್ದರು, ಯಾರ ಗಮನಕ್ಕೂ ಬರಲಿಲ್ಲ. ಆ ಎರಡು ದಿನದ ಹಸಿವಿನಿಂದ ಬಾವಿಗೆ ಒಂದು ತೊಟ್ಟು ಒಳ್ಳೆಯ ನೀರೂ ಹೆಚ್ಚು ಬರಲಿಲ್ಲ. ಬಂದದ್ದೆಲ್ಲ ನಮಗೆ. ವಕೀಲರಿಗೆ ಪಕ್ಷದ ಟಿಕೆಟು, ಆಮೇಲೆ ಇನ್ನೊಂದು ಪಕ್ಷದ ಟಿಕೆಟು. ನನಗೆ ಶಾಲು, ಹಾರ, ‘ಜನಪರ ಹೋರಾಟಗಾರ’ ಎಂಬ ಬಿರುದು. ಬೈಂದೂರಿನಿಂದ ಬ್ರಹ್ಮಾವರದವರೆಗೆ ಎಷ್ಟೋ ವೇದಿಕೆಗಳಲ್ಲಿ ಬೇಬಿಯಕ್ಕನ ತ್ಯಾಗದ ಕುರಿತು ಮಾತಾಡಿದ್ದೇನೆ. ಯಾವ ಸಾಲಿಗೆ ಜನ ಕಣ್ಣೊರೆಸಿಕೊಳ್ಳುತ್ತಾರೆ ಎಂಬುದು ನನಗೆ ಬಾಯಿಪಾಠ.

ಕೆಲವು ವರ್ಷಗಳ ಹಿಂದೆ ಕುಂದಾಪುರದಲ್ಲಿ ನನಗೊಂದು ಸನ್ಮಾನ ಇಟ್ಟುಕೊಂಡರು. ಬೇಬಿಯಕ್ಕನನ್ನೂ ಕರೆಸಿದ್ದರು. ಇಬ್ಬರು ಹಿಡಿದುಕೊಂಡು ವೇದಿಕೆ ಹತ್ತಿಸಿದರು. ಎರಡು ಮಾತಾಡಿ ಎಂದು ಮೈಕು ಕೊಟ್ಟಾಗ ಅವರು ಹೇಳಿದರು: “ನಂಗೆ ಮಾತಾಡುಕ್ ಬತ್ತಿಲ್ಲೆ. ಅಷ್ಟೂ ದಿನ ಮಾಷ್ಟ್ರ್ ನನ್ನ್ ಬದಿಯಂಗೇ ಕೂತಿದ್ರ್. ಅವ್ರಿದ್ದದ್ದಕ್ಕೆ ನಂಗ್ ಧೈರ್ಯ.”

ನಾನು ಎದ್ದು ಕೈ ಮುಗಿದೆ. ಆಗಲೂ ಹೇಳಲಿಲ್ಲ. ಮುಂದಿನ ವಾರ ಅವರ ಮನೆಗೆ ಹೋದೆ. ಜಗಲಿಯಲ್ಲಿ ಮೊರ ಮಡಿಲಲ್ಲಿಟ್ಟುಕೊಂಡು ಬೀಡಿ ಎಲೆ ಕತ್ತರಿಸುತ್ತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ — ಅಧಿಕಾರಿ, ವಕೀಲರು, ಮುಖಪುಟ, ಎಲ್ಲ. ಗಟ್ಟಿ ಜೀವ ಎಂದದ್ದನ್ನೂ ಹೇಳಿದೆ.

ಕತ್ತರಿ ನಿಂತಿತು.

“ಸುಜಾತ ಬಂದಿದ್ಲಲೆ. ಅವ್ಳ್ ಕೇಂಡಾಗ್ಲೂ ನಿಮ್ಗೊತ್ತಿದ್ದಿತ್ತಾ?”

“ಹೌದಕ್ಕ.”

“ಈಗೆಂತಕ್ಕ್ ಬಂದ್ರಿ? ನಿಮ್ ಮನ್ಸ್ ಹಗೂರ ಮಾಡ್ಕಂಬುಕಾ?”

ಹೌದು, ಅದಕ್ಕೇ ಬಂದಿದ್ದೆ.

“ನನ್ನ್ ಕಿವಿಯಂಗ್ ಹೇಳಿರೆ ಆತಿಲ್ಲೆ. ಮೈಕಂಗ್ ಹೊಗಳಿದ್ದಲ್ದಾ, ಮೈಕಂಗೇ ಹೇಳಿ.”

ವಕೀಲರಿಗೆ ಫೋನು ಮಾಡಿದೆ. “ಈಗೆಂತಕ್ಕ್ ಮಾರಾಯ್ರೆ ಅದ್? ಚಳವಳಿಗೇ ಕೆಟ್ಟ ಹೆಸ್ರ್” ಎಂದರು. ಅಂದು ಮುಖಪುಟ, ಇಂದು ಚಳವಳಿಯ ಹೆಸರು. ಎರಡರ ಅಡಿಯಲ್ಲೂ ಅದೇ ಹೆಂಗಸು. ಆದರೂ ಕುಂದಾಪುರದ ಒಂದು ಸಭೆಯಲ್ಲಿ ಹೇಳಿದೆ, ಇಲ್ಲಿ ಬರೆದಷ್ಟನ್ನೂ. ಉಗಿಯುತ್ತಾರೆ ಎಂದುಕೊಂಡಿದ್ದೆ. ಮುಗಿಸಿದಾಗ ಒಬ್ಬರು ಎದ್ದು ನಿಂತರು, ಇನ್ನೊಬ್ಬರು, ಇಡೀ ಸಭೆ — ಚಪ್ಪಾಳೆ. ಎಂಥ ಧೈರ್ಯ, ಎಂಥ ದೊಡ್ಡ ಮನಸ್ಸು ಎಂದು ಕೈ ಕುಲುಕಿದರು. ಆ ಕೈಗಳನ್ನು ಕಂಡು ಹೇಸಿಗೆಯಾಯಿತು, ಚಾಚಿದ ನನ್ನ ಕೈಯನ್ನು ಕಂಡು ಇನ್ನೂ ಹೆಚ್ಚು. ಯಾಕೆಂದರೆ ಒಳಗೆಲ್ಲೋ ನನಗೆ ಹಿತವಾಗಿತ್ತು.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಓದುವವರು ಒಬ್ಬೊಬ್ಬರೇ ಇರುತ್ತಾರೆ, ಎದ್ದು ನಿಲ್ಲುವುದಿಲ್ಲ. ಇನ್ನು ಯಾವ ವೇದಿಕೆಗೂ ಹೋಗುವುದಿಲ್ಲ. ಅದು ಶಿಕ್ಷೆಯಲ್ಲ, ಚಟ ಬಿಡುವುದು ಅಷ್ಟೇ.

ಆ ಸಭೆಯ ಮರುದಿನ ಕಿರಿಮಂಜೇಶ್ವರಕ್ಕೆ ಹೋಗಿದ್ದೆ. ಸುಜಾತ ಬಾಗಿಲಲ್ಲಿ ನಿಂತಿದ್ದಳು, ದಾರಿ ಬಿಡಲಿಲ್ಲ. ಅಂಗಳದಿಂದಲೇ, ಹೇಳಿದೆ ಅಕ್ಕ ಎಂದೆ.

ಒಳಗಿನಿಂದ ಬೇಬಿಯಕ್ಕ ಕೇಳಿದರು: “ಜನ ಎಂತ ಮಾಡ್ರ್?”

“ಚಪ್ಪಾಳೆ ಹೊಡೆದ್ರ್ ಅಕ್ಕ.”

ಒಳಗಿನಿಂದ ಎಲೆ ಕತ್ತರಿಸುವ ಸದ್ದಷ್ಟೇ ಬಂತು. ನಾನು ಇನ್ನೂ ಅಲ್ಲೇ ನಿಂತಿದ್ದೆ. ಸುಜಾತ ಬಾಗಿಲು ಹಾಕಿಕೊಂಡಳು.