ಸೊನ್ನೆ ನಂಬರಿನ ಗಾಜು

ನನ್ನ ಕಣ್ಣು ಹೋಗುತ್ತಿದೆ ಎಂಬ ಯೋಚನೆ ಒಂದು ಮಂಗಳವಾರ ಬೆಳಿಗ್ಗೆ ಹತ್ತೂಕಾಲಿಗೆ ತಲೆಯೊಳಗೆ ಹೊಕ್ಕಿತು. ಹೊಕ್ಕಿದ್ದು ಹೊರಡುವ ಹೆಸರೇ ಎತ್ತಲಿಲ್ಲ. ಮಗಳ ಉಗುರು ಕತ್ತರಿಸುತ್ತಿದ್ದೆ. ಹದಿಮೂರು ತಿಂಗಳ ಕೂಸಿನ ಕಿರುಬೆರಳ ಉಗುರೆಂದರೆ ಅಕ್ಕಿಕಾಳಿನ ತುದಿಯಷ್ಟು. ಅದು ಎರಡಾಗಿ ಕಂಡಿತು. ಕಣ್ಣುಜ್ಜಿಕೊಂಡೆ. ಎರಡೂ ಉಗುರು ಅಲ್ಲೇ ಇದ್ದವು. ಕತ್ತರಿ ಕೆಳಗಿಟ್ಟು ನಾನು ಹತ್ತು ವರ್ಷ ಮುಂದಕ್ಕೆ ಹೋಗಿಬಂದೆ: ಮಗಳು ಕೈಹಿಡಿದು ನನ್ನನ್ನು ರಸ್ತೆ ದಾಟಿಸುತ್ತಿದ್ದಾಳೆ, ಅವಳ ಗೆಳತಿಯರು ಮೆಲ್ಲಗೆ 'ಪಾಪ' ಅನ್ನುತ್ತಿದ್ದಾರೆ, ನಾನು ಕಪ್ಪು ಕನ್ನಡಕದೊಳಗಿಂದ ಧೈರ್ಯವಾಗಿ ನಗುತ್ತಿದ್ದೇನೆ. ಉಳಿದ ಆ ಒಂದು ಉಗುರನ್ನು ಸಂಜೆ ಅವಳಪ್ಪ ಬಂದು ಕತ್ತರಿಸಿದರು.

ಕಣ್ಣಿನ ಕಥೆ ಹೇಳಬೇಕಾದರೆ ಮಾತ್ರೆಯ ಕಥೆಯನ್ನೂ ಹೇಳಬೇಕು. ಹೆರಿಗೆಯಾದ ಮೇಲೆ ನನ್ನ ನಿದ್ದೆ ಬಸ್ಸಿನಲ್ಲಿ ಬಿಟ್ಟುಬಂದ ಛತ್ರಿಯ ಹಾಗೆ ಕಳೆದುಹೋಯಿತು. ಮಗು ಎದ್ದಿದ್ದರೆ ಹೇಗೂ ಎದ್ದಿರುತ್ತಿದ್ದೆ. ಮಲಗಿದರೆ, ಉಸಿರಾಡುತ್ತಿದೆಯೇ ಎಂದು ನೋಡಲು ಎದ್ದಿರುತ್ತಿದ್ದೆ. ಡಾಕ್ಟರು ನರ ಸಮಾಧಾನವಾಗುವ ಮಾತ್ರೆ ಬರೆದರು. ನಿದ್ದೆ ಬಂತು. ಏಳು ತಿಂಗಳಾದರೂ ಮಾತ್ರೆ ಹೋಗಲಿಲ್ಲ. ಆಗ ಅವರೇ ಒಂದು ಹಾಳೆಯ ಮೇಲೆ, ಯಾವ ವಾರ ಎಷ್ಟು ಕಡಿಮೆ ಮಾಡಬೇಕು ಎಂದು ಹತ್ತು ತಿಂಗಳ ಪಟ್ಟಿ ಬರೆದುಕೊಟ್ಟು, "ಇದನ್ನ ನಿಧಾನಕ್ಕೆ ಬಿಡಬೇಕು, ಅವಸರ ಬೇಡ" ಎಂದರು.

ಅವರಿಗೇನು ಗೊತ್ತು, ನಾನು ಶಾಲೆಯಲ್ಲಿ ಗಂಟೆ ಹೊಡೆಯುವ ಅರ್ಧ ತಾಸು ಮೊದಲೇ ಉತ್ತರಪತ್ರಿಕೆ ಕೊಟ್ಟು ಎದೆಯೆತ್ತಿ ಹೊರಬರುತ್ತಿದ್ದ ಹುಡುಗಿ ಎಂದು. ಹತ್ತು ತಿಂಗಳ ಪಾಠವನ್ನು ಹತ್ತೇ ವಾರದಲ್ಲಿ ಮುಗಿಸಿಬಿಟ್ಟೆ. ಯಾರೂ ಚಪ್ಪಾಳೆ ತಟ್ಟಲಿಲ್ಲ, ಏಕೆಂದರೆ ಯಾರಿಗೂ ಹೇಳಲಿಲ್ಲ. ತಿಂಗಳಿಗೊಮ್ಮೆ ಡಾಕ್ಟರ ಹತ್ತಿರ ಹೋಗುತ್ತಿದ್ದೆ.

"ಹೇಗಿದ್ದೀರಿ?"

"ಚೆನ್ನಾಗಿದ್ದೀನಿ ಡಾಕ್ಟ್ರೇ."

"ನಾನು ಬರೆದ ಹಾಗೇ ತಗೋತಿದ್ದೀರಲ್ಲ?"

"ಹೌದು ಡಾಕ್ಟ್ರೇ."

ಬರೆದುಕೊಟ್ಟ ಮಾತ್ರೆಗಳನ್ನು ಕೊಂಡು ತಂದು, ಮಗಳ ಕಾಲಿಗೆ ಚಿಕ್ಕದಾದ ಬೂಟಿನ ಡಬ್ಬಿಯೊಳಗೆ ಹಾಕಿ ಬೀರುವಿನ ಮೇಲಿಡುತ್ತಿದ್ದೆ. ಕಳ್ಳಸಾಗಣೆಯವರು ಕೂಡ ನನ್ನಷ್ಟು ಅಚ್ಚುಕಟ್ಟಾಗಿ ಇಟ್ಟಿರಲಾರರು.

ಪೂರ್ತಿ ಬಿಟ್ಟ ಮೇಲೆ ಶುರುವಾಯಿತು. ನೆಲ ದೋಣಿಯಾಯಿತು. ಹಲ್ಲಿನೊಳಗೆ ಜೀರುಂಡೆ ಕೂತಿತು. ಬೀದಿಯಲ್ಲಿ ಬಸ್ಸು ಹಾರ್ನ್ ಮಾಡಿದರೆ ಅದು ನನ್ನ ಪಕ್ಕೆಲುಬಿನ ನಡುವೆ ಹಾದುಹೋಗುತ್ತಿತ್ತು. ನಮ್ಮ ಮನೆ ಮೂರನೇ ಮಹಡಿಯಲ್ಲಿದೆ. ಮಗುವನ್ನು ಎತ್ತಿಕೊಂಡು ಇಳಿಯುವ ಧೈರ್ಯ ಸಾಲದೆ, ಅವಳನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಮೆಟ್ಟಿಲಿನ ಮೇಲೆ ಕುಂಡೆಯೂರಿ ಜಾರುತ್ತಾ ಇಳಿಯುತ್ತಿದ್ದೆ. ಅವಳಿಗೆ ಪರಮಾನಂದ. ಎರಡನೇ ಮಹಡಿಯ ವಕೀಲರು ಎದುರಾದಾಗಲೆಲ್ಲ ಗೋಡೆಯ ಬಣ್ಣ ಪರೀಕ್ಷಿಸುತ್ತಾ ನಿಲ್ಲುತ್ತಿದ್ದರು.

ನಡುನಡುವೆ ಎರಡು ಮೂರು ದಿನ ಎಲ್ಲ ತಿಳಿಯಾಗುತ್ತಿತ್ತು. ಅದೇ ನನಗೆ ಮುಳುವು. ತಿಳಿಯಾದ ದಿನ ನಾನು ಗುಣವಾದೆನೆಂದು ಘೋಷಿಸಿ ಮನೆಯ ಪರದೆಗಳನ್ನೆಲ್ಲ ಬಿಚ್ಚಿ ನೆನೆಹಾಕುತ್ತಿದ್ದೆ. ಹಿಂಡುವ ಹೊತ್ತಿಗೆ ನೆಲ ಮತ್ತೆ ದೋಣಿಯಾಗಿರುತ್ತಿತ್ತು. ಬಕೆಟ್ಟಿನಲ್ಲಿ ಉಳಿದ ಪರದೆಗಳನ್ನು ಅತ್ತೆ ಹಿಂಡಿ ಒಣಹಾಕುತ್ತಿದ್ದರು. ನಾಲ್ಕನೇ ಸಲ ಅವರು ಹೇಳಿದರು: "ಇನ್ಮೇಲೆ ನಿನಗೆ ಆರಾಮ ಅನಿಸಿದ್ರೆ ಮೊದಲು ನನಗೆ ಹೇಳಮ್ಮ. ಪರದೆ ಬಚ್ಚಿಡ್ತೀನಿ."

ಹೀಗಿರುವಾಗ ಉಗುರು ಎರಡಾಯಿತು. ನಾನು ಕನ್ನಡಕದಮ್ಮನ ಅಂಗಡಿಗೆ ಓಡಿದೆ.

ನಿಜಕ್ಕೂ ಈ ಬರಹ ಅವರ ಬಗ್ಗೆ. ನಾನು ಬರೆಯಲು ಕೂತರೆ ನಾನೇ ಮೊದಲು ಬಂದು ಕುರ್ಚಿ ಹಿಡಿಯುತ್ತೇನೆ, ಕ್ಷಮಿಸಬೇಕು.

ಕನ್ನಡಕದಮ್ಮನಿಗೆ ಅರವತ್ತು ದಾಟಿದೆ. ಕುಳ್ಳು ಆಸಾಮಿ. ಕೊರಳಲ್ಲಿ ದಾರಕ್ಕೆ ಕಟ್ಟಿದ ಪುಟ್ಟ ಸ್ಕ್ರೂಡ್ರೈವರು, ಅಂಗಿಯ ಜೇಬಿನಲ್ಲಿ ಎಳ್ಳಿನಷ್ಟು ಸಣ್ಣ ತಿರುಪುಗಳು. ಊರಿನವರ ಕನ್ನಡಕವನ್ನೆಲ್ಲ ನೆಟ್ಟಗೆ ಮಾಡುವ ಅವರ ಸ್ವಂತ ಕನ್ನಡಕ ಮಾತ್ರ ಎಡಕ್ಕೆ ವಾಲಿದೆ. ಅಂಗಡಿ ರೈಲುಡಬ್ಬಿಯಷ್ಟು ಅಗಲ, ಉದ್ದವೂ ಸಾಲದು. ಅದಕ್ಕೇ ಉಲ್ಟಾ ಬರೆದ ಅಕ್ಷರದ ಬೋರ್ಡನ್ನು ಪರೀಕ್ಷೆಯ ಕುರ್ಚಿಯ ಹಿಂದೆ ತೂಗುಹಾಕಿ, ಎದುರಿನ ಗೋಡೆಗೆ ಕನ್ನಡಿ ಹಾಕಿದ್ದಾರೆ; ಕೂತವರು ಕನ್ನಡಿಯಲ್ಲಿ ಓದಬೇಕು. ಹದಿನೆಂಟರ ವಯಸ್ಸಿನಲ್ಲಿ ಫ್ರೇಮು ಒರೆಸುವ ಕೆಲಸಕ್ಕೆ ಸೇರಿದವರು, ಗಾಜಿನ ಅಂಚನ್ನು ನೀರು ಹನಿಸುವ ಸಾಣೆಕಲ್ಲಿಗೆ ಹಿಡಿದು ಮಸೆಯುವುದು ಕಲಿತು, ಆಮೇಲೆ ನಂಬರ್ ನೋಡುವುದು ಕಲಿತು, ಹಳೆಯ ಯಜಮಾನರು ತೀರಿಕೊಂಡ ಮೇಲೆ ತಾವೇ ಅಂಗಡಿ ವಹಿಸಿಕೊಂಡರು. ಬಂದವರ ನಂಬರನ್ನೆಲ್ಲ ರಟ್ಟಿನ ಕಾರ್ಡಿನಲ್ಲಿ ಬರೆದಿಡುತ್ತಾರೆ. ಬೀದಿಯ ಅರ್ಧ ಜನರ ಕಣ್ಣು ಅವರ ಮರದ ಪೆಟ್ಟಿಗೆಯಲ್ಲಿದೆ.

ಮೊದಲ ಸಲ ಹೋದಾಗ ನನ್ನ ಹಳೆಯ ಕನ್ನಡಕದ ನಂಬರ್ ಹಾಗೇ ಇದೆ ಎಂದರು. ಎರಡೆರಡು ಕಾಣುತ್ತದೆ ಅಂದದ್ದಕ್ಕೆ ಕಣ್ಣಾಸ್ಪತ್ರೆಗೆ ಕಳಿಸಿದರು. ಅಲ್ಲಿ ಕಣ್ಣಿಗೆ ಹನಿ ಹಾಕಿ, ಒಳಗೆಲ್ಲ ಬೆಳಕು ಬಿಟ್ಟು ನೋಡಿ, ಕಣ್ಣಿಗೇನೂ ಆಗಿಲ್ಲ ಎಂದರು. ಅಷ್ಟಕ್ಕೆ ಬಿಟ್ಟರೆ ನಾನು ನಾನಲ್ಲ. ಹಟ ಹಿಡಿದು ಅದೇ ನಂಬರಿನ ಹೊಸ ಕನ್ನಡಕ ಮಾಡಿಸಿದೆ. ಎರಡು ವಾರಕ್ಕೆ ಅದೂ ಮಂಜಾಯಿತು. ಮತ್ತೆ ಹೋದೆ. ಅವರು ಒರೆಸಿಕೊಟ್ಟು ಕಳಿಸಿದರು. ಮೂರನೇ ಸಲ ಹೊರಟಾಗ ಅತ್ತೆ ಬಾಗಿಲಲ್ಲೇ ತಡೆದರು.

"ಇನ್ನೊಂದು ಕನ್ನಡಕಾನಾ? ಇರೋದು ಒಂದೇ ಮೂಗು ಕಣಮ್ಮ."

ಮಗುವನ್ನು ಅವರ ಕೈಗೆ ಕೊಟ್ಟು ಹೋದೆ.

"ಬಂದ್ರಾ? ಬನ್ನಿ ಬನ್ನಿ," ಎಂದರು ಕನ್ನಡಕದಮ್ಮ. "ಈ ಕುರ್ಚಿ ನಿಮ್ಮ ಹೆಸರಿಗೇ ಬರೆದುಕೊಟ್ಟುಬಿಡ್ತೀನಿ."

ದುಂಡನೆಯ ಭಾರದ ಫ್ರೇಮನ್ನು ನನ್ನ ಮೂಗಿನ ಮೇಲೇರಿಸಿ, ನನ್ನ ನಂಬರಿನ ಗಾಜು ಹಾಕಿ, ಅದರ ಮುಂದೆ ಒಂದೊಂದೇ ಗಾಜು ಇಳಿಸುತ್ತಾ ಕೇಳತೊಡಗಿದರು.

"ಇದು ಚೆನ್ನಾಗಿದೆಯಾ, ಇದು ಚೆನ್ನಾಗಿದೆಯಾ?"

"ಮೊದಲನೇದು."

"ಈಗ? ಇದು, ಇಲ್ಲಾ ಇದು?"

"ಎರಡನೇದು ಆಂಟಿ. ತುಂಬಾ ಸ್ಪಷ್ಟ. ಮಳೆ ನಿಂತ ಮೇಲೆ ಕಿಟಕಿ ಒರೆಸಿದ ಹಾಗಿದೆ."

"ಖಂಡಿತಾನಾ?"

"ಖಂಡಿತ. ಇದನ್ನೇ ಹಾಕಿಕೊಡಿ. ನಾನು ಮೊದಲಿಂದಲೂ ಹೇಳ್ತಿದ್ದೆ, ನನ್ನ ನಂಬರ್ ಬದಲಾಗಿದೆ ಅಂತ."

ಅವರು ಆ ಗಾಜನ್ನು ತೆಗೆದು ಮೇಜಿನ ಮೇಲಿದ್ದ ಪತ್ರಿಕೆಯ ಮೇಲೆ ಹಿಡಿದು ಅತ್ತಿತ್ತ ಆಡಿಸಿದರು. ಕೆಳಗಿನ ಅಕ್ಷರಗಳು ಚೂರೂ ಕದಲಲಿಲ್ಲ.

"ನಂಬರ್ ಇರೋ ಗಾಜಾದ್ರೆ ಅಕ್ಷರ ಓಡಾಡುತ್ತೆ. ಇದರಲ್ಲಿ ಏನೂ ಇಲ್ಲ. ಸೊನ್ನೆ. ಬರೀ ಕಿಟಕಿ ಗಾಜು."

"ಹಾಗಾದ್ರೆ ಅದಕ್ಕೆ ಮುಂಚೆ ಹಾಕಿದ್ದು? ಅದು ಮಂಜಾಗಿತ್ತಲ್ಲ?"

"ಅದೂ ಇದೇ. ತೆಗೆದು ತಿರುಗಿಸಿ ಹಾಕಿದೆ."

ಕನ್ನಡಿಯಲ್ಲಿ ನನ್ನ ಮುಖ ನನಗೇ ಕಾಣುತ್ತಿತ್ತು. ದುಂಡು ಫ್ರೇಮಿನೊಳಗೆ ಕೂತ, ಓದಿದ, ಮರ್ಯಾದಸ್ಥ ಗೂಬೆ.

"ನಾಚಿಕೆ ಬೇಡ, ಎಲ್ಲರಿಗೂ ಒಂದು ಸಲ ಹಾಕ್ತೀನಿ," ಎಂದರು. ಆಮೇಲೆ 'ನೀವು' ಹೋಗಿ 'ನೀನು' ಬಂತು. "ಯಾವ ಮಾತ್ರೆ ಬಿಡ್ತಿದ್ದೀಯ?"

"ಯಾರು ಹೇಳಿದ್ರು ನಿಮಗೆ?"

"ನಿನ್ನ ಕೈ. ಕುರ್ಚಿಯ ಹಿಡಿ ನೋಡು ಹೇಗೆ ಹಿಡ್ಕೊಂಡಿದ್ದೀಯ. ನಾನೂ ಇದೇ ಹಿಡಿ ಹೀಗೇ ಹಿಡ್ಕೊಂಡು ಎರಡು ವರ್ಷ ಕೂತಿದ್ದೆ."

ಅವರು ಹೇಳಿದ್ದು ಇಷ್ಟು. ತಾಯಿ ತೀರಿಕೊಂಡಾಗ ನಿದ್ದೆ ಬಾರದೆ, ಹದಿನೈದು ದಿನಕ್ಕೆಂದು ಶುರುಮಾಡಿದ ಮಾತ್ರೆ ಹದಿನಾಲ್ಕು ವರ್ಷ ನಡೆಯಿತು. ಒಂದು ದಿನ ಮಾತ್ರೆಯ ಮಂಪರಿನಲ್ಲಿ ಬಸ್ ಡ್ರೈವರೊಬ್ಬರ ಕನ್ನಡಕಕ್ಕೆ ಎಡಗಣ್ಣಿನ ಗಾಜು ಬಲಕ್ಕೆ, ಬಲದ್ದು ಎಡಕ್ಕೆ ಕೂರಿಸಿ ಕೊಟ್ಟರು. ಡ್ರೈವರು ಅರ್ಧ ದಾರಿಯಿಂದ ವಾಪಸು ಬಂದು, "ರಸ್ತೆ ವಾಲ್ತಿದೆಯಲ್ಲಮ್ಮ" ಎಂದರಂತೆ. ಅವತ್ತೇ ಕನ್ನಡಕದಮ್ಮ ರೋಷ ಬಂದು ಮಾತ್ರೆಯನ್ನೆಲ್ಲ ತಿಪ್ಪೆಗೆ ಸುರಿದರು. ನಾಲ್ಕನೇ ದಿನ ಅಂಗಡಿಯಲ್ಲೇ ಫಿಟ್ಸ್ ಬಂದು ಫ್ರೇಮಿನ ಕಪಾಟಿನ ಮೇಲೆ ಬಿದ್ದರು. ಹುಬ್ಬಿನ ಮೇಲಿನ ಗಾಯದ ಗೆರೆ ತೋರಿಸಿದರು. ನಾನು ಅದನ್ನು ಇಷ್ಟು ದಿನ ಸುಕ್ಕು ಅಂದುಕೊಂಡಿದ್ದೆ.

"ಆಸ್ಪತ್ರೆಯಲ್ಲಿ ಮತ್ತೆ ಅದೇ ಮಾತ್ರೆ ಶುರುಮಾಡಿ, ಚೂರುಚೂರೇ ಇಳಿಸಿದ್ರು. ಎರಡು ವರ್ಷ."

"ಗುಣ ಆಗ್ತಿದೆ ಅಂತ ಹೇಗೆ ಗೊತ್ತಾಗ್ತಿತ್ತು?"

"ಗೊತ್ತಾಗ್ತಿರಲಿಲ್ಲ." ಪೆಟ್ಟಿಗೆಯ ತಳದಿಂದ ರಬ್ಬರ್ ಬ್ಯಾಂಡು ಸುತ್ತಿದ ಕಾರ್ಡುಗಳ ಕಟ್ಟು ತೆಗೆದರು. ಎಲ್ಲದರ ಮೇಲೂ ಅವರದೇ ಹೆಸರು. ದಿನಾ ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಅದೇ ಕುರ್ಚಿಯಲ್ಲಿ ಕೂತು, ಅದೇ ಕನ್ನಡಕದಲ್ಲಿ ಬೋರ್ಡು ನೋಡಿ, ಎಷ್ಟನೇ ಸಾಲಿನವರೆಗೆ ಓದಲಾಯಿತೆಂದು ಬರೆದಿದ್ದರು. ಮೂರು, ಮೂರು, ಆರು, ಮೂರು, ಎರಡು, ಆರು, ಆರು, ಮೂರು.

"ಕಣ್ಣು ಅದೇ, ಗಾಜು ಅದೇ, ಬೋರ್ಡೂ ಅದೇ. ಆರು ಬಂದ ದಿನ ವಾಸಿಯಾದೆ ಅಂತ ಕುಣಿದೆ. ಮೂರು ಬಂದ ದಿನ ಮುಗೀತು ಅಂತ ಅಳ್ತಾ ಕೂತೆ. ಎರಡೂ ಸುಳ್ಳು."

ನಾನು ಕೊನೆಯ ಕಾರ್ಡು ಎಳೆದು ನೋಡಿದೆ. ಆರು, ಆರು, ಏಳು, ಆರು, ಮೂರು, ಆರು. ನನ್ನ ಕಣ್ಣು ನೇರವಾಗಿ ಆ ಒಂದು ಮೂರರ ಮೇಲೆ ಹೋಗಿ ಕೂತಿತು. ನನ್ನ ಸ್ವಭಾವವೇ ಹಾಗೆ.

"ಈಗಲೂ ಮೂರು ಬರುತ್ತಾ?"

"ನೆಗಡಿ ಆದ್ರೆ ಬರುತ್ತೆ."

"ನನಗೂ ಹೀಗೇ ವಾಸಿ ಆಗುತ್ತಾ ಆಂಟಿ?"

"ಅದನ್ನ ನಾನು ಹೇಗೆ ಹೇಳಲಿ? ನಾನು ಕನ್ನಡಕದವಳು. ನಿನ್ನ ಡಾಕ್ಟರು ಏನಂತಾರೆ?"

ನಾನು ಸ್ಕ್ರೂಡ್ರೈವರನ್ನು ನೋಡಿದೆ. ನೆಲದ ಟೈಲ್ಸು ನೋಡಿದೆ. ಆಮೇಲೆ, ಬೇರೆ ಯಾರದೋ ಸಂಸಾರದ ಸುದ್ದಿಯ ಹಾಗೆ, ಹತ್ತು ತಿಂಗಳು, ಹತ್ತು ವಾರ, ಬೂಟಿನ ಡಬ್ಬಿ, ಎಲ್ಲ ಹೇಳಿದೆ.

ಅವರು ಬೈಯಲಿಲ್ಲ. ದುಂಡು ಫ್ರೇಮನ್ನು ನನ್ನ ಮುಖದಿಂದ ತೆಗೆದು ಒರೆಸುತ್ತಾ ಹೇಳಿದರು: "ಈ ಕುರ್ಚಿಯಲ್ಲಿ ನನಗೆ ಕಷ್ಟ ಕೊಡೋದು ಕಣ್ಣು ಕೆಟ್ಟೋರಲ್ಲ, ಒಳ್ಳೇ ವಿದ್ಯಾರ್ಥಿಗಳು. ಏನು ಹಾಕಿದ್ರೂ ಚೆನ್ನಾಗಿದೆ ಅಂತಾರೆ, ಇದು ಪರೀಕ್ಷೆ, ಫೇಲ್ ಆಗಬಾರದು ಅಂತ. ಗೊತ್ತಿಲ್ಲ, ಮಂಜು, ಎರಡೂ ಒಂದೇ ಥರ ಅಂದ್ರೆ ಸಾಕು, ನಾನು ನಂಬರ್ ಹುಡುಕ್ತೀನಿ. ಚೆನ್ನಾಗಿದೆ ಅಂದ್ರೆ ನನ್ನಿಂದ ಏನಾಗುತ್ತೆ? ತಪ್ಪು ಕನ್ನಡಕ ಹಾಕ್ಕೊಂಡು ಹೋಗ್ತಾರೆ, ಅಷ್ಟೆ. ನಿನ್ನ ಡಾಕ್ಟರನ್ನ ನೀನು ಹಾಗೇ ಮಾಡಿದ್ದೀಯ. ಇವತ್ತೇ ಫೋನ್ ಮಾಡು."

"ಮಾಡ್ತೀನಿ."

"ಆ ಡಬ್ಬಿಯಿಂದ ನೀನಾಗಿ ಒಂದೂ ನುಂಗಬೇಡ."

"ಇಲ್ಲ ಆಂಟಿ."

ಒಳ್ಳೇ ವಿದ್ಯಾರ್ಥಿನಿ.

ಅವತ್ತು ಫೋನ್ ಮಾಡಲಿಲ್ಲ. ಡಾಕ್ಟರಿಗೆ ರೋಗಿಗಳಿರುವ ಹೊತ್ತು ಎಂದುಕೊಂಡೆ. ಬುಧವಾರ ಅವರಿಗೆ ಊಟದ ಹೊತ್ತು. ಗುರುವಾರ ಹೇಳಬೇಕಾದ ಮಾತನ್ನು ಚೀಟಿಯಲ್ಲಿ ಬರೆದು, ಅದರ ವಾಕ್ಯ ತಿದ್ದಿ, ಶುದ್ಧಪ್ರತಿ ಮಾಡಿದೆ. ಇಷ್ಟು ದಿನ ಸುಳ್ಳು ಹೇಳಿದವಳ ಕೈಗೆ ಮಗುವನ್ನು ಹೇಗೆ ಬಿಡುವುದು ಎಂದು ಅವರು ಗಂಡನನ್ನು ಕರೆಸಿ ಕೇಳಿದರೆ? ನಿಜವಾದ ಹೆದರಿಕೆ ಅದು. ಅದನ್ನು ಮಾತ್ರ ಚೀಟಿಯಲ್ಲಿ ಬರೆದಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ನೆಲ ಜೋರಾಗಿ ತೂಗತೊಡಗಿತು. ಅತ್ತೆ ಸ್ನಾನಕ್ಕೆ ಹೋಗಿದ್ದರು. ನಾನು ಕುರ್ಚಿ ಹತ್ತಿ ಡಬ್ಬಿ ಇಳಿಸಿದೆ. ಅರ್ಧ, ಬರೀ ಅರ್ಧ ಮಾತ್ರೆ, ಇದೊಂದೇ ದಿನ. ನೆಲದ ಮೇಲೆ ಕೂತು ಮುಚ್ಚಳ ತೆಗೆದು, ತೂಗುವ ನೆಲ ನಿಲ್ಲಲೆಂದು ಕಣ್ಣು ಮುಚ್ಚಿದೆ. ಎಷ್ಟು ಹೊತ್ತು ಎಂದು ಗೊತ್ತಿಲ್ಲ. ತೆರೆದಾಗ ಮಗಳು ಒಂದು ಮಾತ್ರೆಯ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು, ಹೊಸದಾಗಿ ಬಂದ ಹಲ್ಲಿನಲ್ಲಿ ಮನಸ್ಸಿಟ್ಟು ಕಡಿಯುತ್ತಿದ್ದಳು.

ಕಿತ್ತುಕೊಂಡೆ. ಬಾಯೊಳಗೆ ಬೆರಳು ಹಾಕಿ ನೋಡಿದೆ. ಹಾಳೆ ತಿರುಗಿಸಿ ಒಂದೊಂದೇ ಗುಳಿ ಮುಟ್ಟಿ ಎಣಿಸಿದೆ, ಮೂರು ಸಲ ಎಣಿಸಿದೆ. ಹತ್ತಕ್ಕೆ ಹತ್ತೂ ಇದ್ದವು. ತಗಡು ಹರಿದಿರಲಿಲ್ಲ. ಅದರ ಮೂಲೆಯಲ್ಲಿ ನಾಲ್ಕು ಹಲ್ಲಿನ ಗುರುತು ಮಾತ್ರ ಇತ್ತು, ಅಕ್ಕಿಕಾಳಿನಷ್ಟಗಲದ್ದು. ಅವತ್ತು ನನಗೆ ಅವು ನಾಲ್ಕಕ್ಕೆ ನಾಲ್ಕಾಗಿಯೇ ಕಂಡವು.

ಡಬ್ಬಿ ಮುಚ್ಚಿ, ಸ್ನಾನದಮನೆಯ ಬಾಗಿಲು ತಟ್ಟಿದೆ.

"ಅತ್ತೆ, ಇದು ನಿಮ್ಮ ಹತ್ತಿರ ಇರಲಿ. ಬೀಗ ಹಾಕಿ ಇಡಿ. ಏನು ಎತ್ತ ಅಂತ ಆಮೇಲೆ ಹೇಳ್ತೀನಿ, ಎಲ್ಲ ಹೇಳ್ತೀನಿ."

ಸೋಪಿನ ಕೈಯೊಂದು ಹೊರಬಂದು ಡಬ್ಬಿಯನ್ನು ಒಳಗೆಳೆದುಕೊಂಡಿತು. "ಪರದೆ ನೆನೆಹಾಕಿಲ್ಲ ತಾನೇ?" ಎಂದಿತು ಒಳಗಿನ ದನಿ.

ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಹೊರಗಿನ ಮೊದಲ ಮೆಟ್ಟಿಲಿನ ಮೇಲೆ ಕೂತೆ. ಅಲ್ಲಿ ಕೂತು ನನಗೆ ಅಭ್ಯಾಸವಿದೆ. ಶುದ್ಧಪ್ರತಿ ಒಳಗೇ ಉಳಿದಿತ್ತು. ನಂಬರ್ ಒತ್ತಿದೆ. ಮೂರು ರಿಂಗಿಗೆ ಡಾಕ್ಟರೇ ಎತ್ತಿದರು. ಅದು ರೋಗಿಗಳ ಹೊತ್ತೂ ಅಲ್ಲ, ಊಟದ ಹೊತ್ತೂ ಅಲ್ಲ.

"ಓ, ನೀವಾ. ಹೇಗಿದ್ದೀರಿ?"

ಚೆನ್ನಾಗಿದ್ದೀನಿ ಡಾಕ್ಟ್ರೇ ಎಂಬುದು ನಾಲಿಗೆಯ ತುದಿಗೆ ಬಂದು, ಕೈಕಟ್ಟಿ ನೆಟ್ಟಗೆ ನಿಂತಿತು. ಮಗಳು ಕನ್ನಡಕ ಕಿತ್ತುಕೊಂಡಳು.

"ಗೊತ್ತಿಲ್ಲ ಡಾಕ್ಟ್ರೇ," ಎಂದೆ. "ನಾನು ನಿಮಗೆ ಸುಳ್ಳು ಹೇಳಿದ್ದೀನಿ. ಮಾತ್ರೆ ಪೂರ್ತಿ ಬಿಟ್ಟು ಎಪ್ಪತ್ತೇಳು ದಿನ ಆಯ್ತು."